ಗಣಿಗುಳಿಯ ದರಕು

ನಾಗು ಸಣ್ಣು ಗೌಡ, ವಯಸ್ಸು ಐವತ್ತಾರು. ಊರು, ಹಳದೀಪುರದ ಹೆದ್ದಾರಿಯಿಂದ ಪೂರ್ವಕ್ಕೆ ತಿರುಗಿದರೆ ಗುಡ್ಡದ ಬುಡದಲ್ಲಿ ಸಿಗುವ ಬೇಣಕೇರಿ. ಗಂಡ ಸಣ್ಣು ತಿಮ್ಮ ಗೌಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಒಬ್ಬಳೇ ಮಗಳು ಧನ್ಯಶ್ರೀ ಭಟ್ಕಳದ ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಮೈದುನನ ಹೆಂಡತಿ ಬೊಮ್ಮಿಯ ಮನೆ ಅದೇ ಅಂಗಳದ ಇನ್ನೊಂದು ತುದಿಯಲ್ಲಿದೆ. ನಾಗು ಕಳೆದ ಆಷಾಢದಲ್ಲಿ ಸತ್ತಳು.

ಸತ್ತವರ ಕುರಿತು ಬರೆಯುವಾಗ ಕಣ್ಣೀರಿಗೆ ಅನುಕೂಲವಾಗುವ ಸಂಗತಿಗಳನ್ನಷ್ಟೇ ಆರಿಸಿಕೊಳ್ಳುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ನಾಗು ಸಿಡುಕಿನ ಹೆಂಗಸು. ತನ್ನ ಸೊಪ್ಪಿನಷ್ಟು ಒಳ್ಳೆಯ ಸೊಪ್ಪು ಹೊನ್ನಾವರದ ಸಂತೆಯಲ್ಲಿ ಇನ್ನೊಬ್ಬರ ಬುಟ್ಟಿಯಲ್ಲಿ ಇರಲಾರದೆಂದು ನಂಬಿದ್ದವಳು. ಅದನ್ನು ಪಕ್ಕದಲ್ಲಿ ಕುಳಿತವರಿಗೆ ಕೇಳುವಂತೆ ಹೇಳುತ್ತಿದ್ದವಳು. ಅವಳ ಮಾತು ಬಹುಮಟ್ಟಿಗೆ ನಿಜವಾಗಿತ್ತು ಎಂಬುದು ಪಕ್ಕದವರ ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು.

ಬೇಣಕೇರಿಯ ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ. ಕೊಯ್ಲು ಮುಗಿದ ಮೇಲೆ ಹೆಂಗಸರು ಅದೇ ಗದ್ದೆಯನ್ನು ಅಗೆದು, ಮಡಿ ಮಾಡಿ, ಹರಿವೆ, ಬಸಳೆ, ಮೂಲಂಗಿ ಬೆಳೆಯುತ್ತಾರೆ. ಭತ್ತ ಮನೆಯ ಊಟಕ್ಕೆ. ಸೊಪ್ಪು ಹೆಂಗಸರ ಸ್ವಂತ ಬದುಕು. ನಾಗುವಿನ ಗದ್ದೆ ಗುಡ್ಡದಿಂದ ಇಳಿಯುವ ತೊರೆಯ ಪಕ್ಕದಲ್ಲೇ ಇತ್ತು. ನೀರಿಗೆ ಹತ್ತಿರವೆಂದು ಊರೆಲ್ಲ ಕರುಬುತ್ತಿದ್ದ ಗದ್ದೆ ಅದು.

ಆ ಗುಡ್ಡದಲ್ಲಿ ಮ್ಯಾಂಗನೀಸ್ ಅದಿರು ಇದೆಯೆಂದು ಒಂದು ಕಂಪನಿ ಬಂತು. ಊರವರು ಗೊಬ್ಬರದ ಸೊಪ್ಪು ತರುತ್ತಿದ್ದ ಬೆಟ್ಟವೂ ಹುಲ್ಲು ಕೊಯ್ಯುತ್ತಿದ್ದ ಬೇಣವೂ ಬೇಲಿಯೊಳಗೆ ಸೇರಿದವು. ಕೆಲವು ವರ್ಷ ಲಾರಿಗಳು ಕಪ್ಪು ಧೂಳೆಬ್ಬಿಸುತ್ತ ಹೆದ್ದಾರಿಗೆ ಇಳಿದವು. ಪರವಾನಗಿ ಮುಗಿದಾಗ ಕಂಪನಿ ಹೋಯಿತು. ತೆರೆದ ಗುಳಿ ಮತ್ತು ಅದರ ಸುತ್ತ ಸುರಿದ ಕಪ್ಪು ಮಣ್ಣಿನ ದಿಬ್ಬಗಳು ಉಳಿದವು. ಅವುಗಳ ಮೇಲೆ ಒಂದು ಹುಲ್ಲೂ ಹುಟ್ಟಲಿಲ್ಲ. ಮುಂದಿನ ಮಳೆಗಾಲದಲ್ಲಿ ಆ ಮಣ್ಣು ತೊರೆಯೊಡನೆ ಇಳಿದು, ಮೊದಲು ನಾಗುವಿನ ಗದ್ದೆಯನ್ನು ಹೊಕ್ಕಿತು. ಭತ್ತ ಹಳದಿಗಟ್ಟಿತು. ಹರಿವೆಯ ಎಲೆಗಳು ಅಂಚಿನಲ್ಲಿ ಸುಟ್ಟಂತಾದವು. ಮಣ್ಣನ್ನು ಪರೀಕ್ಷಿಸಿದವರು ಅದರಲ್ಲಿ ಮ್ಯಾಂಗನೀಸ್ ಮಿತಿಮೀರಿದೆ, ಅದರ ಜೊತೆ ಕ್ಯಾಡ್ಮಿಯಂ ಎಂಬ ವಿಷವೂ ಇದೆ, ಇಲ್ಲಿ ಬೆಳೆದದ್ದನ್ನು ತಿನ್ನಬಾರದು ಎಂದರು. ತೊರೆಯಂಚಿನ ಎರಡು ಮೂರು ಗದ್ದೆಗಳು ಪಾಳು ಬಿದ್ದವು. ಮೇಲಿನ ಗದ್ದೆಗಳಿಗೆ ಏನೂ ಆಗಲಿಲ್ಲ.

ಅಲ್ಲಿಂದ ಮುಂದೆ ನಾಗು ಬೊಮ್ಮಿಯ ಮಡಿಯ ಸೊಪ್ಪನ್ನು ಕೊಂಡು ಸಂತೆಗೆ ಒಯ್ಯತೊಡಗಿದಳು. ಇನ್ನೊಬ್ಬರು ಬೆಳೆದ ಸೊಪ್ಪನ್ನು ಮಾರುವುದು ಅವಳಿಗೆ ಅವಮಾನ. ತನ್ನ ಗದ್ದೆಯ ಹರಿವೆಯನ್ನು ತನ್ನ ಬುಟ್ಟಿಯಲ್ಲಿ ಮತ್ತೊಮ್ಮೆ ಸಂತೆಗೆ ಒಯ್ಯಬೇಕು ಎಂಬುದನ್ನು ಬಿಟ್ಟು ಆಮೇಲೆ ಅವಳಿಗೆ ಬೇರೆ ಆಸೆ ಇರಲಿಲ್ಲ.

ಶ್ರೀಗೌರಿ ಹೆಗಡೆ ಬಂದದ್ದು ಆಗ. ಹೊನ್ನಾವರ ತಾಲೂಕಿನ ಅಡಿಕೆ ತೋಟದ ಮನೆತನದವಳು, ಕುಮಟಾದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಗಣಿಯ ಮಣ್ಣನ್ನು ಗಿಡಗಳಿಂದಲೇ ಶುದ್ಧಗೊಳಿಸುವ ಒಂದು ಯೋಜನೆಗೆ ಅವಳಿಗೆ ಮಂಜೂರಾತಿ ಸಿಕ್ಕಿತ್ತು. ಎಲ್ಲರೂ ನೆಡುವ ಅಕೇಶಿಯಾ ಅವಳಿಗೆ ಬೇಕಿರಲಿಲ್ಲ. ಈ ಗುಡ್ಡಗಳಲ್ಲೇ ಹುಟ್ಟಿದ ನೆಕ್ಕರಕದ ಪೊದೆ, ಲಾವಂಚ, ಕುಂಟುನೇರಳೆ, ಹೊಂಗೆ ಸಾಕೆಂದಳು. ಕೆಲಸಕ್ಕೆ ಆಳು ಕೇಳಿಕೊಂಡು ಬಂದಾಗ ನಾಗು ಜಗಲಿಯಿಂದ ಏಳಲೂ ಇಲ್ಲ.

“ಗುಡ್ಡ ಅಗೆಯೂಕೆ ಒಬ್ರು, ಗಿಡ ನೆಡೂಕೆ ಇನ್ನೊಬ್ರು. ನಿಮ್ಮ ಗಿಡ ಎಂತ ಮಾಡ್ತದೆ ಮೇಡಮ್ಮ? ವಿಷ ಕುಡೀತದಾ?”

“ಕುಡೀತದೆ ನಾಗಕ್ಕ. ಬೇರಲ್ಲಿ ಎಳೆದು ಮೇಲೆ ಹತ್ತಿಸ್ತದೆ. ನಾವು ವರ್ಷಕ್ಕೊಂದು ಸಲ ಕಡಿದು ಬೇರೆ ಕಡೆ ಹುಗೀಬೇಕು. ಹಂಗೇ ಮಾಡ್ತಾ ಹೋದ್ರೆ ಮಣ್ಣು ಹಗುರಾಗ್ತದೆ.”

“ಕುಡ್ದ ಗಿಡ ಸಾಯೂದಿಲ್ವಾ?”

“ನೆಕ್ಕರಕ ಸಾಯೂದಿಲ್ಲ. ಅದಕ್ಕೆ ರೂಢಿ.”

“ನಮ್ಮ ಕೇರಿ ಗಂಡಸ್ರ ಹಂಗೆ ಅನ್ನಿ,” ಎಂದಳು ನಾಗು. “ದಿನಾ ಕುಡೂದು, ಒಬ್ನೂ ಸಾಯೂದಿಲ್ಲ.”

ಶ್ರೀಗೌರಿ ನಕ್ಕಳು. ನಾಗು ನಗಲಿಲ್ಲ; ಆದರೆ ಮರುದಿನ ಕತ್ತಿ ಹಿಡಿದು ಗುಡ್ಡ ಹತ್ತಿದಳು. ತನ್ನ ಗದ್ದೆಗೆ ಮೇಲಿನಿಂದ ಇಳಿಯುವ ವಿಷ ಮೇಲೆಯೇ ನಿಂತರೆ ಗದ್ದೆ ಚೇತರಿಸಿಕೊಳ್ಳಬಹುದು ಎಂಬ ಒಂದೇ ಮಾತು ಅವಳನ್ನು ಎಬ್ಬಿಸಿತ್ತು.

ಆ ದಿಬ್ಬಗಳಲ್ಲಿ ಗಿಡ ಹಿಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ಮೊದಲ ವರ್ಷ ನೆಟ್ಟದ್ದರಲ್ಲಿ ಹೆಚ್ಚಿನವು ಬೇಸಿಗೆಗೆ ಒಣಗಿದವು. ನಾಗು ತನ್ನ ಅಂಗಳದಲ್ಲೇ ಸಸಿ ಮಾಡಿ, ಗುಳಿಯ ಅಂಚಿನ ಕಪ್ಪು ಮಣ್ಣನ್ನೇ ತಂದು ಅದರಲ್ಲಿ ಬೆಳೆಸಿ, ಮೇಲೆ ಒಯ್ದು ನೆಟ್ಟಳು. ಲಾವಂಚದ ಸಾಲುಗಳು ಮಣ್ಣು ಜಾರುವುದನ್ನು ತಡೆದವು. ಆ ಸಾಲುಗಳ ನಡುವೆ ನೆಕ್ಕರಕ ಎದ್ದಿತು. ನೇರಳೆ ಬಣ್ಣದ ಹೂ ಬಿಟ್ಟಿತು. ಗುಳಿಯ ಪಕ್ಕದಲ್ಲಿ ಅಗಲವಾದ ಹೊಂಡ ತೋಡಿ, ದಪ್ಪ ಪ್ಲಾಸ್ಟಿಕ್ ತಾಡಪಾಲು ಹಾಸಿ, ಮಳೆ ನಿಂತ ಮೇಲೆ ಕಡಿದ ಮೇಲಿನ ಕೊಂಬೆಗಳನ್ನೆಲ್ಲ ಅದರಲ್ಲಿ ತುಂಬಿದರು. ಕಡಿದ ಒಂದು ಕಡ್ಡಿಯೂ ಬೇಲಿಯಿಂದ ಹೊರಗೆ ಹೋಗಕೂಡದು, ದನ ಒಳಗೆ ಬರಕೂಡದು ಎಂಬುದು ಶ್ರೀಗೌರಿಯ ಕಟ್ಟಪ್ಪಣೆ. ನಾಗು ಅದನ್ನು ದೇವರ ನೇಮದಂತೆ ಪಾಲಿಸಿದಳು. ಬೇಲಿ ಹಾರಿದ ಬೊಮ್ಮಿಯ ಹಸುವಿಗೂ ಅವಳ ಕೋಲಿನ ಪೆಟ್ಟು ಬಿತ್ತು. ಅದಕ್ಕಾಗಿ ಎರಡು ಮನೆಗಳ ನಡುವೆ ಬಹುಕಾಲ ಮಾತು ನಿಂತಿತ್ತು.

ಇನ್ನು ದರಕಿನ ವಿಷಯ. ಬೇಸಿಗೆಯಲ್ಲಿ ಉದುರಿದ ಒಣ ಎಲೆಗೆ ಈ ಸೀಮೆಯಲ್ಲಿ ದರಕು ಎನ್ನುತ್ತಾರೆ. ಮಳೆ ಬರುವ ಮೊದಲು ಹೆಂಗಸರು ಬೆಟ್ಟಕ್ಕೆ ಹೋಗಿ ಅದನ್ನು ಗುಡಿಸಿ, ಹೆಡಿಗೆಯಲ್ಲಿ ತುಂಬಿ ತಂದು, ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ದನದ ಕಾಲ ಕೆಳಗೆ ಹಾಸುತ್ತಾರೆ. ಸಗಣಿ ಗಂಜಳದಲ್ಲಿ ನೆನೆದ ದರಕು ಗೊಬ್ಬರಗುಂಡಿಗೆ ಹೋಗುತ್ತದೆ. ಗುಂಡಿಯಿಂದ ಗದ್ದೆಗೆ, ತೋಟಕ್ಕೆ. ಬೆಟ್ಟದ ಹಸಿ ಸೊಪ್ಪಿಗೆ ಹಕ್ಕುದಾರರಿರುತ್ತಾರೆ, ಜಗಳವಿರುತ್ತದೆ. ನೆಲಕ್ಕೆ ಬಿದ್ದ ದರಕಿಗೆ ಯಾರೂ ಯಾರನ್ನೂ ತಡೆಯುವುದಿಲ್ಲ. ತಡೆದವರನ್ನು ಮನುಷ್ಯರೆಂದು ಎಣಿಸುವುದೂ ಇಲ್ಲ. ಗಣಿ ಬಂದ ಮೇಲೆ ಬೇಣಕೇರಿಗೆ ಬೆಟ್ಟ ತಪ್ಪಿಹೋಗಿ, ಕೊಟ್ಟಿಗೆಗೆ ದರಕಿನ ಬರ ಬಂದಿತ್ತು.

ನೆಕ್ಕರಕ ಆಳೆತ್ತರ ಬೆಳೆದ ಬೇಸಿಗೆಯಲ್ಲಿ ಬೊಮ್ಮಿ ಪಕ್ಕದ ಮನೆಯ ಸುಬ್ಬಿಯನ್ನು ಕರೆದುಕೊಂಡು ಬೇಲಿಯ ಹೊರಗೆ ಬಂದು ನಿಂತಳು. ಇಬ್ಬರ ತಲೆಯ ಮೇಲೂ ಖಾಲಿ ಹೆಡಿಗೆ.

“ಅಕ್ಕಾ, ನಿನ್ನ ಗಿಡದ ಬುಡದಲ್ಲಿ ಮೊಣಕಾಲುದ್ದ ದರಕು ಬಿದ್ದದೆ,” ಎಂದಳು ಬೊಮ್ಮಿ. “ಬೆಂಕಿ ಬಿದ್ರೆ ಎಂತ ಮಾಡ್ತೆ?”

“ಬೆಂಕಿ ಬೀಳೂಕೆ ನಿನ್ನ ಗಂಡನ ಬೀಡಿ ಬೇಕು. ಅವನ್ನ ಮನೇಲಿ ಕಟ್ಟಿ ಹಾಕು.”

“ನಂಗೇ ಸಿಗೂದಿಲ್ಲ ಅಂವ, ಕಟ್ಟೂದು ಎಲ್ಲಿ!”

ಸುಬ್ಬಿಗೆ ತಮಾಷೆ ಬೇಕಿರಲಿಲ್ಲ. “ನಮ್ಮ ದನ ಮಳೆಗಾಲ ಪೂರ್ತಿ ಕೆಸರಲ್ಲಿ ಮಲಗ್ತದೆ ನಾಗು. ಗೊಬ್ಬರಗುಂಡಿ ಬರೀ ನೀರು. ನೀ ಗಣಿ ಒಡತಿ ಆದ್ಮೇಲೆ ಕೇರಿ ನೆಂಪು ಎಲ್ಲಿರ್ತದೆ ಬಿಡು.”

ನಾಗು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಬೇಲಿಯ ಬಳಿಗೆ ಬಂದಳು. “ಹಸಿ ಕಡ್ಡಿ ಮುಟ್ಟಿದ್ರೆ ಕೈ ಮುರೀತೆ,” ಎಂದಳು. “ದರಕು ಬೇಕಾರೆ ಗುಡ್ಸ್ಕಂಡು ಹೋಗಿ. ಸತ್ತ ಎಲೆ, ಅದ್ರಲ್ಲಿ ಎಂತ ಇರ್ತದೆ?”

ಬೇರಿನಿಂದ ಹತ್ತಿದ ವಿಷ ಗಿಡದ ರಸದಲ್ಲಿರುತ್ತದೆ. ರಸ ಇರುವುದು ಹಸಿರಿನಲ್ಲಿ. ಉದುರಿ ಒಣಗಿದ ಎಲೆ ಬರಿಯ ಸಿಪ್ಪೆ. ಅವಳು ಹೀಗೆ ಯೋಚಿಸಿದಳು. ಅದು ಕಳ್ಳತನವೂ ಅಲ್ಲ, ಉದಾಸೀನವೂ ಅಲ್ಲ. ದರಕನ್ನು ನಿರಾಕರಿಸುವುದು ನೀರು ಕೇಳಿದವರಿಗೆ ಇಲ್ಲವೆನ್ನುವಷ್ಟೇ ಕೆಟ್ಟದ್ದೆಂದು ನಂಬಿದ ಜನ ಮಾತ್ರ ಮಾಡಬಹುದಾದ ತಪ್ಪು. ಅಂದಿನಿಂದ ಪ್ರತಿ ಬೇಸಿಗೆ ಇಡೀ ಕೇರಿ ಗಣಿಗುಳಿಯ ದರಕನ್ನು ಗುಡಿಸಿ ಒಯ್ದಿತು. ನಾಗುವೂ ಒಯ್ದಳು. ನಿಂತಿದ್ದ ಮಾತು ಮತ್ತೆ ಶುರುವಾಯಿತು. ಅವಳ ಜಗಲಿಗೆ ಹೆಂಗಸರು ಮತ್ತೆ ಎಲೆಯಡಿಕೆ ಹಾಕಲು ಬರತೊಡಗಿದರು.

ಶ್ರೀಗೌರಿ ಬರುತ್ತಿದ್ದದ್ದು ಮಳೆ ನಿಂತ ಮೇಲೆ, ಕಡಿಯುವ ದಿನಗಳಲ್ಲಿ. ಗಿಡಗಳ ಬುಡ ನುಣ್ಣಗಿರುವುದನ್ನು ಅವಳು ಕಂಡಳು, “ಎಷ್ಟು ಚೊಕ್ಕ ಇಟ್ಟೀರಿ ನಾಗಕ್ಕ!” ಎಂದು ಮೆಚ್ಚಿದಳು. ಅವಳ ತವರಿನಲ್ಲೂ ಪ್ರತಿ ವರ್ಷ ಬೆಟ್ಟದ ದರಕು ಗುಡಿಸುತ್ತಾರೆ. ಗುಡಿಸಿದ ನೆಲವನ್ನು ಹುಟ್ಟಿದಂದಿನಿಂದ ನೋಡಿದವಳಿಗೆ ಅದು ಪ್ರಶ್ನೆಯಾಗಿ ಕಾಣಲೇ ಇಲ್ಲ. ಈ ಸೀಮೆಯಲ್ಲಿ ಹುಟ್ಟದ ಒಬ್ಬರು ಬಂದಿದ್ದರೆ ಎಲೆ ಎಲ್ಲಿ ಹೋಯಿತೆಂದು ಕೇಳುತ್ತಿದ್ದರೇನೋ.

ವರ್ಷಗಳು ಕಳೆದು, ಗುಡ್ಡದ ಮಣ್ಣಿನಲ್ಲಿ ವಿಷ ಕಡಿಮೆಯಾಗುತ್ತಿರುವುದು ಪರೀಕ್ಷೆಗಳಲ್ಲಿ ಕಾಣತೊಡಗಿತು. ತೊರೆಯ ನೀರು ತಿಳಿಯಾಯಿತು. ಕೆಳಗಿನ ಗದ್ದೆಗಳಿಂದ ಕಪ್ಪು ಹೂಳನ್ನು ಕೆರೆದು ತೆಗೆದ ಮೇಲೆ ಶ್ರೀಗೌರಿ ಅಲ್ಲಿನ ಮಣ್ಣನ್ನೂ ಪರೀಕ್ಷಿಸಿ, ಒಂದು ಬೆಳೆ ಹಾಕಿ ನೋಡಬಹುದು ಎಂದಳು. ಅಂದೇ ನಾಗು ಕೂಡಿಟ್ಟ ಗೊಬ್ಬರವನ್ನೆಲ್ಲ ಹೊತ್ತು ಗದ್ದೆಗೆ ಸುರಿದಳು. ಬಡಕಲಾದ ನೆಲಕ್ಕೆ ಹೊಟ್ಟೆ ತುಂಬ ಉಣಿಸಬೇಕೆಂದು, ಬೊಮ್ಮಿಯ ಗುಂಡಿಯಿಂದಲೂ ಕೇಳಿ ತಂದಳು.

ಹರಿವೆ ಚೆನ್ನಾಗಿ ಬಂತು. ಕೆಂಪಗೆ, ಒತ್ತೊತ್ತಾಗಿ ಬಂತು. ಮೊದಲ ಕಟ್ಟುಗಳನ್ನು ಬುಟ್ಟಿಯಲ್ಲಿಟ್ಟು ಅವಳು ಹೊನ್ನಾವರದ ಸಂತೆಯಲ್ಲಿ ತನ್ನ ಹಳೆಯ ಜಾಗದಲ್ಲಿ ಕುಳಿತಾಗ, ಅವಳ ಕಾಯಂ ಗಿರಾಕಿ ಮಹಾಲಕ್ಷ್ಮೀ ಎಂಬ ಗೃಹಿಣಿ ದೂರದಿಂದಲೇ ಗುರುತಿಸಿದಳು.

“ನಾಗು, ನಿನ್ನ ಗದ್ದೇದೇಯೋ?”

“ನಂದೇ ಅಮ್ಮ. ಮುಟ್ಟಿ ನೋಡಿ.”

“ಇವತ್ತು ಅವ್ಳ ಹತ್ರ ಮಾತಾಡ್ಬೇಡಿ ಅಮ್ಮ,” ಎಂದಳು ಪಕ್ಕದಲ್ಲಿ ಕುಳಿತಿದ್ದ ಬೊಮ್ಮಿ. “ಕಾಲು ನೆಲದ ಮೇಲಿಲ್ಲ.”

ಅವಳಿಗೆ ಸಿಕ್ಕ ಸಂತೋಷ ಅಷ್ಟೇ. ಅದೇ ಹರಿವೆಯ ಒಂದು ಕಟ್ಟನ್ನು ಶ್ರೀಗೌರಿ ಪರೀಕ್ಷೆಗೆ ಒಯ್ದಿದ್ದಳು. ಉತ್ತರ ಬಂದ ದಿನ ಸ್ಕೂಟರನ್ನು ರಸ್ತೆಯಲ್ಲೇ ನಿಲ್ಲಿಸಿ ಗದ್ದೆಯ ಅಂಚಿನಲ್ಲಿ ನಡೆದುಬಂದಳು. ಗದ್ದೆ ಪಾಳು ಬಿದ್ದಾಗ ಇದ್ದದ್ದಕ್ಕಿಂತ ಹೆಚ್ಚಿನ ವಿಷ ಈ ಸೊಪ್ಪಿನಲ್ಲಿದೆ ಎಂದಳು.

“ತೊರೆ ನೀರು ಸರಿ ಇದೆ. ಹೂಳೂ ಇಲ್ಲ. ಗದ್ದೆಗೆ ಎಂತ ಹಾಕಿದ್ರಿ ನಾಗಕ್ಕ?”

“ಗೊಬ್ಬರ. ಮತ್ತೆಂತ ಹಾಕ್ತಾರೆ?”

“ಕೊಟ್ಟಿಗೆಗೆ ಎಂತ ಹಾಸಿದ್ರಿ?”

ನಾಗು ಕೈಯೆತ್ತಿ ಗುಡ್ಡವನ್ನು ತೋರಿಸಿದಳು. ಕೈ ಮೇಲಿರುವಾಗಲೇ ಅವಳಿಗೆ ಅರ್ಥವಾಯಿತು.

ಶ್ರೀಗೌರಿ ಒದ್ದೆ ಅಂಚಿನ ಮೇಲೆ ಹಾಗೆಯೇ ಕುಳಿತುಬಿಟ್ಟಳು. “ಹಳೆ ಎಲೆಯಲ್ಲೇ ಹೆಚ್ಚು ಇರ್ತದೆ,” ಎಂದಳು. “ತನಗೆ ಬೇಡದ್ದನ್ನೆಲ್ಲ ಗಿಡ ಹಳೆ ಎಲೆಗೆ ತುಂಬಿ ಉದುರಿಸ್ತದೆ. ನಾ ಹೇಳ್ಬೇಕಿತ್ತು.”

“ನಿಮ್ಮ ಮನೇಲಿ ದರಕು ಗುಡ್ಸೂದಿಲ್ವಾ ಮೇಡಮ್ಮ?”

“ಗುಡಿಸ್ತಾರೆ.”

“ಮತ್ತೆ?”

ಗಣಿಯ ಕಪ್ಪು ಮಣ್ಣು ತನ್ನಷ್ಟಕ್ಕೆ ಇಳಿದು ಕೆಡಿಸಿದ್ದು ತೊರೆಯಂಚಿನ ಗದ್ದೆಗಳನ್ನು ಮಾತ್ರ. ದರಕು ಬೇಣಕೇರಿಯ ಪ್ರತಿ ಕೊಟ್ಟಿಗೆಗೆ ಹೋಗಿತ್ತು. ನೀರು ಮುಟ್ಟದಿದ್ದ ಮೇಲಿನ ಗದ್ದೆಗಳಿಗೂ ವಿಷವನ್ನು ಹೆಂಗಸರು ತಲೆಯ ಮೇಲೆ ಹೊತ್ತು ತಲುಪಿಸಿದ್ದರು. ಅದಕ್ಕೆ ಬೇಲಿ ತೆರೆದವಳು ನಾಗು.

ಆ ಸಂಜೆಯೇ ಅವಳು ತನ್ನ ಹರಿವೆಯನ್ನು ಬೇರುಸಹಿತ ಕಿತ್ತು, ಮೇಲಿನ ಹೊಂಡಕ್ಕೆ ಒಯ್ದು ಹಾಕಿದಳು. ಆಮೇಲೆ ಮನೆಮನೆಗೆ ಹೋಗಿ, ಸೊಪ್ಪು ಮಾರಬೇಡಿ, ತಿನ್ನಬೇಡಿ ಎಂದಳು. ಬೊಮ್ಮಿ ಬಾಗಿಲಲ್ಲೇ ತಡೆದಳು.

“ಬಾಯಿ ಮುಚ್ಚು ಅಕ್ಕಾ. ಪೇಟೇಲಿ ಈ ಮಾತು ಬಿದ್ರೆ ಬೇಣಕೇರಿ ಸೊಪ್ಪು ನಾಯೀನೂ ಮೂಸೂದಿಲ್ಲ.”

“ಮಕ್ಕಳು ತಿಂತಾರೆ ಬೊಮ್ಮಿ.”

“ನಮ್ಮ ಮಕ್ಕಳೂ ತಿಂತಾ ಇದ್ವು, ಎಂತ ಆತು? ದರಕು ಒಯ್ಯಿ ಅಂದವ್ಳು ನೀನು. ಈಗ ಮಾರ್ಬೇಡ ಅನ್ನೂವ್ಳೂ ನೀನು. ನಮ್ಮನ್ನ ಎಂತ ಅಂದ್ಕಂಡಿದ್ದೆ?”

ಹೆಂಗಸರು ಮಾರಿದರು. ಅವರನ್ನು ದೂಷಿಸುವ ಧೈರ್ಯ, ಆ ದಿನದ ಅಕ್ಕಿಯನ್ನು ಅಂದಿನ ಸೊಪ್ಪಿನಿಂದಲೇ ತರುವ ಅಗತ್ಯ ಎಂದೂ ಬರದವರಿಗೆ ಇರಬಹುದು. ಮುಂದಿನ ಸಂತೆಯಲ್ಲಿ ನಾಗು ಬುಟ್ಟಿಯಿಲ್ಲದೆ ಬಂದು ನಿಂತಳು. ಮಹಾಲಕ್ಷ್ಮೀ ಬೊಮ್ಮಿಯ ಕಟ್ಟಿಗೆ ಕೈ ಹಾಕಿದಾಗ ನಾಗು ಆ ಕೈಯನ್ನು ಹಿಡಿದಳು.

“ಬೇಡ ಅಮ್ಮ. ಇದು ಗಣಿ ಮಣ್ಣಿಂದು.”

ಅಷ್ಟೇ ಹೇಳಿದ್ದು. ಆ ಮಾತು ಮೀನುಪೇಟೆಯನ್ನು ದಾಟಿ, ಬಸ್ ಹತ್ತಿ, ಕುಮಟಾದ ಸಂತೆಯನ್ನೂ ಮುಟ್ಟಿತು. ಬೇಣಕೇರಿಯವರೆಂದು ತಿಳಿದ ಕೂಡಲೇ ಗಿರಾಕಿಗಳು ಮುಂದೆ ಸರಿಯತೊಡಗಿದರು. ಆ ದರಕನ್ನು ಎಂದೂ ಮುಟ್ಟದ ಪಕ್ಕದೂರಿನವರ ಬುಟ್ಟಿಗಳೂ ತುಂಬಿದಂತೆಯೇ ಮನೆಗೆ ಮರಳಿದವು. ಬಾಡಿದ ಸೊಪ್ಪನ್ನು ಯಾರೋ ನಾಗುವಿನ ಅಂಗಳಕ್ಕೆ ಸುರಿದು ಹೋದರು. ಅವಳು ಅದನ್ನೂ ಗುಡ್ಡಕ್ಕೆ ಹೊತ್ತಳು. ಜಗಲಿಗೆ ಮತ್ತೆ ಯಾರೂ ಬರಲಿಲ್ಲ.

ಗದ್ದೆಗಳ ಮೇಲ್ಮಣ್ಣನ್ನು ತೆಗೆಸಬೇಕೆಂದು ಶ್ರೀಗೌರಿ ಯೋಜನೆಗೆ ಹಣ ಕೊಟ್ಟವರನ್ನು ಕೇಳಿಕೊಂಡಳು. ಯೋಜನೆಯ ಅವಧಿ ಮುಗಿದಿತ್ತು. ಗದ್ದೆಗಳು ಯೋಜನೆಯ ಎಲ್ಲೆಯೊಳಗೆ ಇರಲೂ ಇಲ್ಲ. ಬೇರೆ ಕಡೆ ಕೇಳುತ್ತೇನೆ ಎಂದು ಅವಳು ಹೇಳುತ್ತಲೇ ಇದ್ದಳು. ನಾಗು ಕಾಯಲಿಲ್ಲ. ಬೇಸಿಗೆಯಲ್ಲಿ ತನ್ನ ಗದ್ದೆಯ ಮೇಲ್ಪದರವನ್ನು ಗುದ್ದಲಿಯಿಂದ ಕೆರೆದು ಹೆಡಿಗೆಯಲ್ಲಿ ತುಂಬಿ ಗುಡ್ಡಕ್ಕೆ ಹೊರತೊಡಗಿದಳು. ಹೊಂಡ ತುಂಬಿತು. ಉಳಿದದ್ದನ್ನು ಅದರ ಪಕ್ಕದಲ್ಲಿ ರಾಶಿ ಹಾಕಿ ತಾಡಪಾಲು ಮುಚ್ಚಿದಳು. ತನ್ನ ಗದ್ದೆ ಮುಗಿದ ಮೇಲೆ, ಕೇಳದೆಯೇ, ಬೊಮ್ಮಿಯ ಗದ್ದೆಗೆ ಇಳಿದಳು.

ಬೊಮ್ಮಿ ಅಂಚಿನಲ್ಲಿ ನಿಂತು ನೋಡಿದಳು. ತಡೆಯಲಿಲ್ಲ, ಹೆಡಿಗೆ ಎತ್ತಿ ತಲೆಗೆ ಇಡಲು ಕೈ ಕೊಡಲೂ ಇಲ್ಲ.

“ಬಿಡೆ ಅಕ್ಕಾ. ಇಡೀ ಊರಿನ ಮಣ್ಣು ಹೊತ್ತು ಮುಗಿಯೂದಲ್ಲ.”

“ಮುಗಿಯೂದಲ್ಲ ಅಂತ ನಂಗೂ ಗೊತ್ತು.”

“ಮತ್ತೆಂತಕೆ ಹೊರ್ತೆ?”

“ಕೂತ್ರೆ ನಾ ಮಾಡಿದ್ದೇ ಕಣ್ಣಿಗೆ ಕಾಣ್ತದೆ,” ಎಂದಳು ನಾಗು.

ಮಳೆ ಆ ವರ್ಷ ಜೋರಾಗಿಯೇ ಹಿಡಿಯಿತು. ಗಾಳಿ ತಾಡಪಾಲನ್ನು ಕಿತ್ತಿತು. ಮೇಲೆ ರಾಶಿ ಹಾಕಿದ್ದ ಮಣ್ಣಿನ ಬಹುಪಾಲು ತೊರೆಯ ಮೂಲಕ ಮತ್ತೆ ಕೆಳಗಿಳಿಯಿತು. ನಾಗು ಒಡೆದ ಹಿಮ್ಮಡಿಯಲ್ಲಿ ಕೆಸರು ತುಳಿಯುತ್ತ, ಹೊರುವುದನ್ನು ನಿಲ್ಲಿಸಲಿಲ್ಲ. ಜ್ವರ ಬಂತು. ಮಳೆಗಾಲದ ಜ್ವರವೆಂದು ಕಷಾಯ ಕುಡಿದಳು. ಕಣ್ಣು ಹಳದಿಯಾದ ಮೇಲೆ ಬೊಮ್ಮಿ ತಾನೇ ರಿಕ್ಷಾ ತಂದು ಹೊನ್ನಾವರದ ಆಸ್ಪತ್ರೆಗೆ ಸೇರಿಸಿದಳು. ಇಲಿಜ್ವರವೆಂದರು, ಮೂತ್ರಪಿಂಡ ನಿಂತಿದೆ, ಮಣಿಪಾಲಕ್ಕೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಬೊಮ್ಮಿ ಜೊತೆಗಿದ್ದಳು. ತಾಯಿಯ ಸಂಗಡ ಹೋಗಲೆಂದು ಧನ್ಯಶ್ರೀ ಭಟ್ಕಳದಲ್ಲಿ ಹೆದ್ದಾರಿಯ ಪಕ್ಕ ಕೊಡೆ ಹಿಡಿದು ಕಾಯುತ್ತಿದ್ದಳು. ಗಾಡಿ ಅವಳ ಮುಂದೆ ನಿಂತಾಗ ಮಣಿಪಾಲಕ್ಕೆ ಹೋಗುವ ಅಗತ್ಯ ಉಳಿದಿರಲಿಲ್ಲ.

ಹೆಣವನ್ನು ತೊಳೆದವಳು ಬೊಮ್ಮಿ. ಕೇರಿಯ ಹೆಂಗಸರೆಲ್ಲ ಬಂದರು. ಅವರಲ್ಲಿ ಯಾರೂ ನಾಗುವನ್ನು ಕ್ಷಮಿಸಿದ್ದೇನೆ ಎನ್ನಲಿಲ್ಲ. ಅವಳು ಮಾಡಿದ ತಪ್ಪು ದೊಡ್ಡದೋ ಹೇಳಿದ ಸತ್ಯ ದೊಡ್ಡದೋ ಎಂದು ಅಳೆಯಲು ನಾನು ಹೋಗುವುದಿಲ್ಲ. ಎರಡೂ ಸೇರಿ ಆ ಊರಿನ ಸೊಪ್ಪಿನ ಬದುಕು ಮುಗಿಯಿತು. ಈಗ ಬೇಣಕೇರಿಯ ಹೆಂಗಸರು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ತರಕಾರಿಯನ್ನು ಕೊಂಡು ಅಡಿಗೆ ಮಾಡುತ್ತಾರೆ. ಕೆಲವರು ಅಪ್ಸರಕೊಂಡದ ವಸತಿಗೃಹಗಳಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾರೆ. ಗುಡ್ಡದ ಮಣ್ಣನ್ನು ಶ್ರೀಗೌರಿ ಕೊನೆಯ ಸಲ ಪರೀಕ್ಷಿಸಿದಾಗ ಅದು ವಿಷ ಕಳೆದು ನಿಜವಾಗಿಯೂ ಹಗುರವಾಗಿತ್ತು. ಆ ಫಲಿತಾಂಶವನ್ನು ಅವಳು ಇದುವರೆಗೆ ಎಲ್ಲಿಯೂ ಪ್ರಕಟಿಸಿಲ್ಲ.

ನಾಗು ಬಿಟ್ಟುಹೋದದ್ದು ಇಷ್ಟು:

ಭಟ್ಕಳದಲ್ಲಿ ಬಾಡಿಗೆ ಕೋಣೆಯಲ್ಲಿರುವ, ಊರಿಗೆ ಮರಳುವುದಿಲ್ಲವೆಂದ ಮಗಳು.

ಹಂಚಿನ ಮನೆ, ಅದಕ್ಕೆ ಬೀಗ.

ಗಬ್ಬದ ಹಸು ಒಂದು. ಅದನ್ನು ಬೊಮ್ಮಿ ತನ್ನ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿದ್ದಾಳೆ.

ಮಗಳು ದೀಪಾವಳಿಗೆ ತಂದುಕೊಟ್ಟ, ಮಡಿಕೆ ಬಿಚ್ಚದ ಹಸಿರು ಸೀರೆ.

ಎರಡು ಕತ್ತಿ, ಒಂದು ಗುದ್ದಲಿ, ತಳ ಹರಿದ ಒಂದು ಹೆಡಿಗೆ.

ತೊರೆಯ ಪಕ್ಕದಲ್ಲಿ ಮೇಲ್ಮಣ್ಣಿಲ್ಲದ ಒಂದು ಗದ್ದೆ.

ಗುಡ್ಡದ ಮೇಲೆ, ಕಡಿಯುವವರಿಲ್ಲದೆ ಎಲೆಯುದುರಿಸುತ್ತಿರುವ ನೆಕ್ಕರಕದ ಪೊದೆಗಳು.

ಬೊಮ್ಮಿಯ ಗದ್ದೆಯಲ್ಲಿ ಅರ್ಧ ಕೆರೆದು ಬಿಟ್ಟ ಒಂದು ಮಡಿ.